ಬಯಕೆ ಊಟದ ಸಂಧಾನ

ಮೊನ್ನೆ ತಲ್ಲೂರಿನಲ್ಲಿ ಬಸ್ಸು ಹತ್ತಿದಾಗ ಯಾರದೋ ಬುಟ್ಟಿಯಿಂದ ಒಣಮೀನಿನ ಘಾಟು ಮೂಗಿಗೆ ಬಡಿಯಿತು. ಪಕ್ಕದವರು ಮುಖ ಸಿಂಡರಿಸಿದರು. ನನಗೆ ಮಾತ್ರ ನೆರೆಮನೆಯ ಮೀನಿನಕ್ಕ ನೆನಪಾದರು. ನಮ್ಮಪ್ಪನ ದೋಣಿಯ ಮೀನನ್ನು ಮನೆಮನೆಗೆ ಹೊತ್ತು ಮಾರುತ್ತಿದ್ದವರು. ಆಮೇಲೆ ಇಳಿಯುವವರೆಗೂ ನೆಟ್ಟಗೆ ಕೂರಲಾಗಲಿಲ್ಲ.

ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲ. ರಾತ್ರಿ ಕಡಲಿಗೆ ದೊಡ್ಡ ದೀಪಗಳ ಬೆಳಕು ಹಾಕಿ ಮರಿಮೀನನ್ನೂ ಬಿಡದೆ ಬಾಚುವ ವಿಷಯಕ್ಕೆ ನಮ್ಮೂರಿನವರಿಗೂ ಹೊಳೆಯಾಚೆಯ ಊರಿನವರಿಗೂ ಕಡಲಲ್ಲೇ ಹೊಡೆದಾಟವಾಗಿತ್ತು. ಬಲೆಗಳು ತುಂಡಾದವು. ದಡದಲ್ಲಿದ್ದ ಅಪ್ಪನ ದೋಣಿಗೆ ಬೆಂಕಿ ಬಿತ್ತು. ಕೊನೆಗೆ ಎರಡೂ ಕಡೆಯ ಮುಖಂಡರು ಕೂತು, ಇನ್ನು ಯಾರೂ ಬೆಳಕು ಹಾಕುವುದಿಲ್ಲ, ಜಗಳವೂ ಇಲ್ಲ ಎಂದು ಒಪ್ಪಂದ ಮಾಡಿಕೊಂಡರು. ಆದರೆ ನಮ್ಮಲ್ಲಿ ಮುಖಂಡರ ಸಹಿಗೆ ಅಷ್ಟೇನೂ ಬೆಲೆಯಿಲ್ಲ. ದೈವದ ಗುಡಿಯ ಎದುರು ಸಭೆ ಸೇರಿ ಪ್ರತಿ ಮನೆಯವರೂ ‘ಹ್ಞೂಂ’ ಅನ್ನಬೇಕು. ಒಂದು ಮನೆ ಬೇಡವೆಂದರೂ ಮುಗಿಯಿತು. ದೋಣಿ ಸುಟ್ಟವರ ಜೊತೆ ಎಂಥ ರಾಜಿ ಎಂದು ಅಪ್ಪ ಬೇಡವೆಂದೇ ಹಟ ಹಿಡಿದು ಕೂತಿದ್ದರು.

ಮೀನಿನಕ್ಕನ ಮಗ ನಮ್ಮೂರಿನ ದೋಣಿಯಲ್ಲಿ, ಅಳಿಯ ಆಚೆಯೂರಿನ ದೋಣಿಯಲ್ಲಿ. ಇನ್ನೊಂದು ಹೊಡೆದಾಟವಾದರೆ ಇಬ್ಬರಲ್ಲಿ ಒಬ್ಬ ಉಳಿಯುವುದಿಲ್ಲ ಎಂಬ ಭಯ ಅವರಿಗೆ. ಕೂತಲ್ಲಿ ಕೂರದೆ ನಮ್ಮ ಅಂಗಳಕ್ಕೂ ಆಚೆಯೂರಿಗೂ ಓಡಾಡಿದರು. ಅಪ್ಪ ಮುಖ ಕೊಟ್ಟು ಮಾತಾಡಲಿಲ್ಲ. ಆಗ ಮೀನಿನಕ್ಕ ಅಮ್ಮನನ್ನು ಹಿಡಿದರು.

“ಅತ್ಗೆ, ನನ್ ಮಗ್ಳಿಗೆ ತಿಂಗ್ಳ್ ತುಂಬ್ತಾ ಬಂತ್. ನಿಮ್ ಮನಿಯಗೆ ಒಂದ್ ಬಯ್ಕಿ ಊಟ ಹಾಕಿ ಕಾಂಬ.”

ಅಮ್ಮ ಬೆಚ್ಚಿದರು. ಬಸುರಿಯನ್ನು ಕರೆದು ಉಣಿಸಿದ ಮೇಲೆ ಅವಳ ಗಂಡನ ಮನೆಗೆ ಕೇಡು ಬಯಸುವಂತಿಲ್ಲ ಎಂಬುದು ನಮ್ಮ ಮನೆಯ ಹೆಂಗಸರ ನಂಬಿಕೆ. ಎಂಥ ಕಿಲಾಡಿ ಹೆಂಗಸು! ಆದರೂ ಅಮ್ಮ ಅಪ್ಪನಿಗೆ ಹೇಳದೆ ಕರೆದೇಬಿಟ್ಟರು.

ಸಭೆಯ ದಿನ ಮಧ್ಯಾಹ್ನ ಅಪ್ಪ ಒಳಗೆ ಬಂದರೆ ಆ ಹುಡುಗಿ ಬಾಳೆಲೆಯ ಮುಂದೆ ಕೂತಿದ್ದಾಳೆ. ಕಲಸಿದ ತುತ್ತು ಅವಳ ಕೈಯಲ್ಲೇ ಉಳಿಯಿತು. ಮೀನಿನಕ್ಕ ಬಾಗಿಲ ಬಳಿ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದರು. ಅಪ್ಪ ಅವಳ ಎಲೆಯ ಕಡೆಗೊಮ್ಮೆ ನೋಡಿದರು.

“ಎಂತ ಕಾಂಬುದ್? ಹೆಣ್ಣಿಗ್ ಇನ್ನೊಂದ್ ಮೀನ್ ಹಾಕ್,” ಎಂದು ಅಮ್ಮನನ್ನು ಗದರಿ ಹೊರಟುಹೋದರು. ಸಂಜೆ ಸಭೆಯಲ್ಲಿ ಹ್ಞೂಂ ಅಂದರು.

ಅಪ್ಪನೂ ಹೋದರು, ಮೀನಿನಕ್ಕನೂ ಹೋದರು. ಈಗ ಮತ್ತೆ ಕಡಲಲ್ಲಿ ಬೆಳಕು, ಮತ್ತೆ ಹೊಡೆದಾಟ, ಮತ್ತೊಂದು ಒಪ್ಪಂದ. ಹೊಡೆದಾಟದಲ್ಲಿ ನನ್ನ ತಮ್ಮನ ತಲೆಗೆ ಆದ ಗಾಯ ಇನ್ನೂ ಮಾಗಿಲ್ಲ. ನಾಳೆ ಸಭೆ, ನಮ್ಮ ಮನೆಯ ಪರವಾಗಿ ಮಾತಾಡಬೇಕಾದವನು ನಾನು. ಬೇಡ ಎಂದುಬಿಡುತ್ತೇನೇನೋ ಎಂದು ನನಗೇ ಹೆದರಿಕೆ. ಹೇಗಾದರೂ ಮಾಡಿ ನನ್ನನ್ನು ಒಪ್ಪಿಸಲು ಯಾರಾದರೂ ಬರಲಿ ಎಂದು ಬೆಳಿಗ್ಗೆಯಿಂದ ಅಂಗಳದಲ್ಲೇ ಸುತ್ತುತ್ತಿದ್ದೇನೆ. ಯಾರೂ ಬಂದಿಲ್ಲ.