ಇಮಾಮ್‌ಸಾಬರು ನೋಡದೆ ಉಳಿದದ್ದು

ಆ ದಿನ ನನ್ನ ಕೈಯಲ್ಲಿ ಫೋನ್ ಇತ್ತು, ಇಮಾಮ್‌ಸಾಬರೇ. ಇರಲಿಲ್ಲವೆಂದು ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಹೇಳಿದೆ. ಅದು ಸುಳ್ಳು.

ಏಳು ವರ್ಷವಾಯಿತು. ಪಾಠ ಮುಗಿಸಿ ಶಾಲೆಯಿಂದ ಹುಬ್ಬಳ್ಳಿಗೆ ಹೊರಟಿದ್ದೆ. ಮಗಳ ನಿಶ್ಚಿತಾರ್ಥಕ್ಕೆ ಅಂಗಡಿಯವರು ಕಳಿಸಿದ್ದ ಸೀರೆಯ ಚಿತ್ರ — ಅದರ ಅಂಚಿನ ಬಣ್ಣ ನೋಡುತ್ತಿದ್ದೆ, ಕಾರು ಓಡಿಸುತ್ತಲೇ. ಕಮರಿಪೇಟೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ನೀವು ಲಕಮನಹಳ್ಳಿಯ ಕಾರ್ಖಾನೆಗೆ ಸಮವಸ್ತ್ರದ ಗಂಟು ಹೊತ್ತು ರಸ್ತೆ ದಾಟುತ್ತಿದ್ದಿರಿ. ತಲೆ ಎತ್ತುವಷ್ಟರಲ್ಲಿ... ಖಾಕಿ ಅಂಗಿಗಳು ರಸ್ತೆಯ ತುಂಬ ಬಿದ್ದಿದ್ದವು. ನಿಮ್ಮ ಬಲಗಾಲು ಮತ್ತೆಂದೂ ಯಂತ್ರ ತುಳಿಯಲಿಲ್ಲ.

ನಾನು ಅಜಾಗರೂಕತೆಯಿಂದ, ಫೋನ್ ನೋಡುತ್ತ ಕಾರು ಓಡಿಸಿದೆನೆಂದು ನಿಮ್ಮ ವಕೀಲರು ದಾವೆಯಲ್ಲಿ ಬರೆದಿದ್ದರು. ಅದು ಅವರ ಊಹೆ. ಊಹೆಯೇ ಸತ್ಯವಾಗಿತ್ತೆಂದು ಗೊತ್ತಿದ್ದವಳು ನಾನೊಬ್ಬಳೇ.

ಪಾಟೀಸವಾಲಿನಲ್ಲಿ ನನ್ನ ವಕೀಲರು ನಿಮ್ಮನ್ನು ಕೇಳಿದರು: "ಇವರ ಕೈಯಾಗ ಫೋನ್ ಇದ್ದದ್ದು ನೀವು ಕಣ್ಣಾರೆ ನೋಡೀರೇನು?"

'ಹೌದು' ಎಂದಿದ್ದರೆ ಸಾಕಿತ್ತು. ಊರುಗೋಲು ಊರಿಕೊಂಡು ನೀವು ನ್ಯಾಯಾಧೀಶರತ್ತ ತಿರುಗಿದಿರಿ.

"ಇಲ್ರೀ. ನಾ ಆ ಕಡಿಂದ ಬರೋ ಲಾರಿ ನೋಡಾಕತ್ತಿದ್ನಿ. ನೋಡದ್ದನ್ನ ನೋಡೇನಿ ಅಂತ ಹೆಂಗ ಹೇಳ್ಲಿ?"

ನಿಮ್ಮ ವಕೀಲರು ತಲೆ ತಗ್ಗಿಸಿದರು. ಇಷ್ಟು ಕಳೆದುಕೊಂಡವರು, ಇನ್ನಷ್ಟು ಕಳೆದುಕೊಳ್ಳುವೆನೆಂದು ತಿಳಿದೂ — ಇಂಥವರು ಇರುತ್ತಾರೆಯೇ? ಇಪ್ಪತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿರೆಂದು ಕಲಿಸಿದವಳು ನಾನು; ಸತ್ಯವನ್ನು ಕಂಡದ್ದು ಅಂದೇ. ಕಂಡೂ, ಮುಂದಿನ ವಿಚಾರಣೆಯಂದು ಅದೇ ಕಟಕಟೆಯಲ್ಲಿ ನಿಂತು, ಅದೇ ಪ್ರಶ್ನೆಗೆ "ಇರಲಿಲ್ಲ" ಎಂದೆ. ನೀವೇ ಒಮ್ಮೆಲೇ ಅಡ್ಡ ಬಂದಿರೆಂದೂ ಸೇರಿಸಿದೆ.

ಅಜಾಗರೂಕತೆ ಸಾಬೀತಾಗಲಿಲ್ಲ. ದಾವೆ ವಜಾ ಆಯಿತು.

ಹೊರಗೆ ಜಗಲಿಯಲ್ಲಿ ನೀವು ನನ್ನ ಬಳಿ ಬಂದಿರಿ. ಬೈಯುವಿರೆಂದುಕೊಂಡೆ. "ಅಕ್ಕಾರ, ಅವತ್ತು ನೀವು ಓಡಿ ಹೋಗಲಿಲ್ಲ, ನನ್ನ ದವಾಖಾನಿಗೆ ಒಯ್ದ್ರಿ. ಅದನ್ನ ನಾ ಮರ್ತಿಲ್ರಿ," ಎಂದಿರಿ. ನಾನು ಕಾರಿನತ್ತ ನಡೆದುಬಿಟ್ಟೆ. ಬೈದಿದ್ದರೆ ಬಹುಶಃ ಮರೆತುಬಿಡುತ್ತಿದ್ದೆ...

ನಿಮ್ಮ ಮೇಲ್ಮನವಿ ಇನ್ನೂ ನಡೆದಿದೆಯೆಂದು ಮೊನ್ನೆ ತಿಳಿಯಿತು. ನನ್ನ ವಕೀಲರಿಗೆ ಎಲ್ಲ ಹೇಳಿದೆ. "ಬ್ಯಾಡ್ರಿ ಮೇಡಂ, ಸುಳ್ಳು ಸಾಕ್ಷಿ ಅಂತ ನಿಮ್ಮ ಮ್ಯಾಲೇ ಕೇಸ್ ಆಗ್ತೈತಿ," ಎಂದರು. ಆಗಲಿ ಎಂದೆ.

ಸೋಮವಾರ, ಕೈಯಲ್ಲಿ ಫೋನ್ ಇತ್ತೆಂಬ ಹೇಳಿಕೆಗೆ ಸಹಿ ಮಾಡುತ್ತೇನೆ. ಅದಕ್ಕೂ ಮೊದಲು ನಿಮಗೆ ತಿಳಿಸಬೇಕಿತ್ತು. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ.