ಅಪ್ಪನ ಭಟ್ಟಿಯ ನಾತ

ಹೊಗಳಿ ಬರೆಯುವಂಥ ವಾಸನೆಯಲ್ಲ ಅದು. ಬಸ್ ನಿಲ್ದಾಣದ ಹಿಂದಿನ ಗೋಡೆಯ ಹತ್ತಿರ ಹೋದರೆ ಮೂಗಿಗೆ ಬಡಿಯುತ್ತದಲ್ಲ, ಹೆಚ್ಚುಕಡಿಮೆ ಅದೇ. ಹೊಳೆನರಸೀಪುರದ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ನನಗೆ ಎಚ್ಚರವಾಗುತ್ತಿದ್ದದ್ದು ಆ ನಾತಕ್ಕೆ. ಮುಂದೆ ಅಪ್ಪನ ಬೇಕರಿ, ನಡುವೆ ಸೌದೆ ಭಟ್ಟಿ, ಹಿಂದೆ ನಾವು. ಖಾರ ಬಿಸ್ಕತ್ತು ಗರಿಗರಿಯಾಗಲಿ ಎಂದು ಅಪ್ಪ ಹಿಟ್ಟಿಗೆ ಅಮೋನಿಯಾ ಪುಡಿ ಹಾಕುತ್ತಿದ್ದ. ಬೇಯುವಾಗ ಭಟ್ಟಿಯ ಬಾಗಿಲು ತೆಗೆದರೆ ಕಣ್ಣಲ್ಲಿ ನೀರು, ಗಂಟಲಲ್ಲಿ ಉರಿ. ನನ್ನ ಯೂನಿಫಾರ್ಮಿಗೂ ಜಡೆಗೂ ತಲೆದಿಂಬಿಗೂ ಅದು ಹತ್ತಿಕೊಂಡಿತ್ತು. ಸ್ಕೂಲಿನಲ್ಲಿ ಪಕ್ಕದ ಹುಡುಗಿ ಲಂಗದ ತುದಿಯಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಮನೆಗೆ ಬಂದು ಅತ್ತರೆ ಅಪ್ಪ, ಮೈದಾ ಮೆತ್ತಿದ ಕೈ ನನ್ನ ತಲೆಗೆ ತಾಗದ ಹಾಗೆ ಮೇಲೆ ಹಿಡಿದು ಹೇಳುತ್ತಿದ್ದ: "ಬಿಸ್ಕತ್ತು ಆರ್ಲಿ ತಡಿಯವ್ವ. ವಾಸ್ನೆಯೆಲ್ಲ ಓಯ್ತದೆ, ಗರಿಗರಿ ಉಳ್ಕತದೆ ಕಣ." ಆರಿದ ಮೇಲೆ ಅದರಲ್ಲಿ ಬರೀ ಹಸಿಮೆಣಸಿನಕಾಯಿ, ಕರಿಬೇವಿನ ಘಮ ಇರುತ್ತಿತ್ತು.

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಅವರವರಿಗೆ ಇಷ್ಟವಾದದ್ದನ್ನೇ ಇಡಬೇಕು. ಅಜ್ಜನ ಎಡೆಯಲ್ಲಿ ಬೀಡಿ ಇರುತ್ತಿತ್ತು. ಅಪ್ಪನಿಗೆ ತನ್ನ ಖಾರ ಬಿಸ್ಕತ್ತಿನ ಮುಂದೆ ಬೇರೇನೂ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಂಗಡಿ ಕೈಬದಲಾಯಿತು, ಭಟ್ಟಿ ಒಡೆದು ಮೊಬೈಲ್ ಅಂಗಡಿ ಮಾಡಿದರು. ಎಡೆ ಇಡಬೇಕಾದ ಒಬ್ಬಳೇ ಮಗಳು ನಾನು, ಇರುವುದು ಜರ್ಮನಿಯಲ್ಲಿ. ಇಲ್ಲಿ ಅದಿಲ್ಲ ಇದಿಲ್ಲ ಎಂದು ನಾನು ಬಿಸ್ಕತ್ತಿನ ಹಿಟ್ಟಿಗೆ ಬೆರೆಸಿದ್ದನ್ನೆಲ್ಲ ನೆನೆದರೆ ಈಗಲೂ ವಾಕರಿಕೆ ಬರುತ್ತದೆ. ವನಸ್ಪತಿ ಬದಲು ಹಾಕಿದ ಮಾರ್ಗರಿನ್ ಮೇಣದ ಹಾಗೆ ಅಂಗುಳಿಗೆ ಅಂಟಿತು. ಪೊಟ್ಟಣದ ಒಣ ಕರಿಬೇವಿಗೆ ಗುಡಿಸಿದ ಕಸದ ರುಚಿ. ಅಮೋನಿಯಾ ಬದಲು ಸೋಡಾ ಹಾಕಿದರೆ ಸೋಪು ನೆಕ್ಕಿದಂತಾಯಿತು. ಬೇಕಿಂಗ್ ಪೌಡರ್ ಹಾಕಿದರೆ ಮೆತ್ತಗೆ ಉಬ್ಬಿ ಕೂತಿತು. ಚನ್ನರಾಯಪಟ್ಟಣದ ಚಿಕ್ಕಮ್ಮ ಫೋನಿನಲ್ಲಿ, "ಏನೋ ಒಂದ್ ಮಡಗವ್ವ, ನಿಮ್ಮಪ್ಪ ಎದ್ ಬಂದು ಬೈದಾರಾ?" ಅಂದರು. ಆ 'ಏನೋ ಒಂದು' ಎಂಬ ಮಾತೇ ನನಗೆ ಹೇಸಿಗೆ. ಆದರೂ ಅಂಥದ್ದನ್ನೇ ಎಡೆಗಿಟ್ಟೆ, ಆಮೇಲೆ ತಿನ್ನಲಾರದೆ ಕಸದ ಬುಟ್ಟಿಗೆ ಸುರಿದೆ. ನಾನು ತಿನ್ನದ್ದನ್ನು ಅಪ್ಪನಿಗೆ ಬಡಿಸಿದ್ದೆ.

ಈ ವರ್ಷ ನನ್ನ ಗೋಳು ಕೇಳಿದ ಪಕ್ಕದ ಮನೆಯ ಅಜ್ಜಿ, ತಾವು ಕ್ರಿಸ್‌ಮಸ್ ಬಿಸ್ಕತ್ತಿಗೆ ಹಾಕುವ ಪುಡಿ ಎಂದು ಒಂದು ಪೊಟ್ಟಣ ತಂದುಕೊಟ್ಟರು. ಬಿಚ್ಚಿದ ಕೂಡಲೇ ತಲೆ ಹಿಂದಕ್ಕೆ ಹೋಯಿತು. ಅದೇ. ಬೇಯಲು ಇಟ್ಟಾಗ ಮನೆ ತುಂಬ ನಾತ. "ಥೂ, ಪಕ್ಕದ್ಮನೆಯೋರು ಪೊಲೀಸ್ಗೆ ಫೋನ್ ಮಾಡ್ತಾರೆ ಕಣೆ," ಎನ್ನುತ್ತ ನನ್ನ ಗಂಡ ಮೂಗು ಹಿಡಿದು ಕಿಟಕಿಯತ್ತ ಹೋದರು. "ತಗೀಬ್ಯಾಡಿ," ಎಂದೆ. ಅವರು ನನ್ನ ಮುಖ ನೋಡಿ ಕೈ ಕೆಳಗಿಳಿಸಿದರು. ನಾನು ಓವನ್ ಬಾಗಿಲು ತೆಗೆದು ಗಂಟಲು ಉರಿಯುವಷ್ಟು ಉಸಿರೆಳೆದುಕೊಂಡೆ. ಅಸಹ್ಯ ಪಟ್ಟುಕೊಂಡೇ ಬೆಳೆದ ಆ ನಾತದೊಳಗೆ ಅಪ್ಪ ಬನಿಯನ್ನಿನಲ್ಲಿ ಬೆವರುತ್ತ ನಿಂತಿದ್ದ.

ಸಂಜೆ ಎಡೆಯಿಟ್ಟು, ಕರ್ಪೂರ ಬೆಳಗಿ, ಒಂದು ಬಿಸ್ಕತ್ತು ಕಚ್ಚಿದೆ. ಕಟುಂ ಎಂದಿತು. ಅಪ್ಪ ಹೇಳಿದಂತೆಯೇ ಗರಿಗರಿ ಉಳಿದಿತ್ತು. ಇನ್ನೊಂದನ್ನು ಮುರಿದು ಮೂಗಿಗೆ ಹಿಡಿದೆ, ಮತ್ತೆ ಹಿಡಿದೆ. ವಾಸನೆಯೆಲ್ಲ ಹೋಗಿಬಿಟ್ಟಿತ್ತು.