ಎಲ್ಲಿಗೆ ಎಂದು ಕೇಳಿದವನು

ಸೂಟಿ ಎಂದರೆ ನನಗೆ ಇಂಡಿ. ಯಂಕಂಚಿಯಲ್ಲಿ ಹುಟ್ಟಿ ಸಿಂದಗಿಯ ಹೈಸ್ಕೂಲಿನಲ್ಲಿ ಓದುತ್ತಿದ್ದ ನಾನು, ಪರೀಕ್ಷೆ ಮುಗಿದ ಮರುದಿನವೇ ಬಸ್ಸಿನ ಮೇಲೆ ಟ್ರಂಕು ಹಾಕಿಸಿ ಇಂಡಿಯ ಸೋದರಮಾವನ ಮನೆಗೆ ಹೊರಟುಬಿಡುತ್ತಿದ್ದೆ. ಮಾಮಾನಿಗೆ ಊರ ಹೊರಗೆ ಲಿಂಬೆ ತೋಟವಿತ್ತು. ತೋಟದಲ್ಲಿ ಕಲ್ಲು ಕಟ್ಟಿದ ಬಾವಿ. ಬೆಳಿಗ್ಗೆ ಈಜು, ಮಧ್ಯಾಹ್ನ ಗಿಡದ ನೆರಳಲ್ಲಿ ನಿದ್ದೆ, ಸಂಜೆ ಅತ್ತೆಯ ಮಾತು. ಅತ್ತೆಗೆ ಮಕ್ಕಳಿರಲಿಲ್ಲ. ಸಂತೆಗೆ ಹೋಗಿ ಬಂದರೂ ಅದನ್ನು ಒಂದು ವಾರ ಹೇಳುವಷ್ಟು ಮಾತು ಅವಳಲ್ಲಿತ್ತು. ಬದನೆಕಾಯಿ ಮಾರುವವಳ ದನಿ, ಎತ್ತು ಹಾಯಲು ಬಂದಾಗ ಓಡಿದ ಮುದುಕನ ನಡಿಗೆ, ಎಲ್ಲವನ್ನೂ ಮಾಡಿ ತೋರಿಸುವಳು. ಓಣಿಯ ಹೆಂಗಸರು ಕೆಲಸ ಬಿಟ್ಟು ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದರು.

ಅತ್ತೆಗೆ ಒಂದೇ ಒಂದು ಆಸೆಯಿತ್ತು, ಸಮುದ್ರ ನೋಡಬೇಕು. ಅವಳ ತವರು ಗೊಳಸಂಗಿ. ಸಣ್ಣವಳಿದ್ದಾಗ ಬಂಡಿ ಕಟ್ಟಿಕೊಂಡು ಹೋಗಿ ಕೃಷ್ಣಾ ನದಿ ನೋಡಿದ್ದಳಂತೆ. "ಹೊಳಿ ನೋಡೇನಿ ಬಿಡು. ಅದರ ಆಚಿ ದಂಡಿ ಕಾಣ್ತೈತಿ, ದಂಡಿ ಮ್ಯಾಲ ಎಮ್ಮಿ ಮೇಯೂದೂ ಕಾಣ್ತೈತಿ. ಆಚಿ ದಂಡಿ ಇಲ್ಲದ ನೀರು ನೋಡಬೇಕು ನಾ" ಎನ್ನುತ್ತಿದ್ದಳು. ನನಗೂ ಆ ಆಸೆ ಹತ್ತಿದ್ದು ಅವಳಿಂದಲೇ.

ಮಾಮಾನಿಗೆ ಇದು ಗೊತ್ತಿತ್ತು. ಗೊತ್ತಿದ್ದರಿಂದಲೇ ನನ್ನನ್ನು ದುಡಿಸಿಕೊಂಡ. "ಮ್ಯಾಟ್ರಿಕ್ ಪಾಸಾಗು, ಮುಂಬೈಗೆ ಕರ್ಕೊಂಡ ಹೋಗ್ತೇನಿ, ಸಮುದ್ರ ತೋರಸ್ತೇನಿ" ಎಂದು ಮೊದಲ ಬೇಸಿಗೆಯಲ್ಲೇ ಹೇಳಿದ. ಅಂದಿನಿಂದ ಪ್ರತಿ ಸೂಟಿಯಲ್ಲಿ ನನ್ನ ಈಜು, ನಿದ್ದೆ ಎರಡೂ ಕಡಿಮೆಯಾದವು. ಹಣ್ಣು ಕೀಳಲು ಲಿಂಬೆ ಗಿಡದೊಳಗೆ ಕೈ ಹಾಕಿದರೆ ಮುಳ್ಳು ಮೊಣಕೈವರೆಗೆ ಗೀರುತ್ತದೆ. ಆ ಗೀರಿನ ಮೇಲೆ ಲಿಂಬೆಯ ರಸ ಬಿದ್ದರೆ ಏನಾಗುತ್ತದೆ ಎಂಬುದು ಹಣ್ಣು ಹರಿದವರಿಗೇ ಗೊತ್ತು. ಆಳಿನ ಕೂಲಿ ಉಳಿಯಿತೆಂದು ಮಾಮಾ ಒಳಗೊಳಗೇ ನಗುತ್ತಿದ್ದ. ನಾನು ಸಮುದ್ರ ನೆನೆಸಿಕೊಂಡು ಬುಟ್ಟಿ ತುಂಬುತ್ತಿದ್ದೆ.

ಮ್ಯಾಟ್ರಿಕ್ ಪಾಸಾದೆ. ರಿಜಲ್ಟು ತಿಳಿದ ದಿನವೇ ಬಸ್ಸು ಹತ್ತಿ ಇಂಡಿಗೆ ಬಂದೆ. ಮಾಮಾ ಕಟ್ಟೆಯ ಮೇಲೆ ಸೊಲ್ಲಾಪುರದ ಹಣ್ಣಿನ ವ್ಯಾಪಾರಿಯ ಜೊತೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ.

"ಮಾಮಾ, ಪಾಸಾದ್ನಿ."

"ಶಾಣ್ಯಾ! ಬಾ, ಕುಂಡ್ರು. ನೀ ಬಂದದ್ದು ಬೇಷಾತು. ನಾನೂ ನಿಮ್ಮತ್ತೀನೂ ಮುಂಬೈಗೆ ಹೊಂಟೇವಿ. ನಾವು ಬರೂತನಕ ತ್ವಾಟ ನೋಡ್ಕೋ."

ನಾನು ನಿಂತೇ ಇದ್ದೆ. "ಪಾಸಾದ್ರ ನನ್ನ ಕರ್ಕೊಂಡ ಹೋಗ್ತೇನಿ ಅಂದಿದ್ರಿ."

"ಅಂದಿದ್ದೆ. ಫಸ್ಟ್ ಕ್ಲಾಸ್‌ನ್ಯಾಗ ಪಾಸಾದ್ರ ಅಂದಿದ್ದೆ."

ಆ ಮಾತನ್ನು ಅವನು ಎಂದೂ ಹೇಳಿರಲಿಲ್ಲ. ನಾನು ಹಾಗೆಂದೆ. ವ್ಯಾಪಾರಿಯ ಮುಂದೆ ಸುಳ್ಳುಗಾರನಾದದ್ದು ಮಾಮಾನಿಗೆ ಸಹಿಸಲಾಗಲಿಲ್ಲ. ಎಲೆಯ ರಸ ಉಗುಳಿ ಬಂದು ಹೇಳಿದ, "ಯಂಕಂಚಿ ಹುಡುಗ ಸಮುದ್ರ ನೋಡಿ ಏನ್ ಮಾಡಾವ? ಬರೂ ಮುಂದ ಒಂದ ಹಿಡಿ ಉಪ್ಪ ತರ್ತೇನಿ, ನೆಕ್ಕು. ಅದೂ ಅದೇ ರುಚಿ."

ವ್ಯಾಪಾರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ನಗೆ ಇಂದಿಗೂ ನನ್ನ ಕಿವಿಯಲ್ಲಿದೆ. ಇಷ್ಟು ವರ್ಷ ಕಳೆದ ಮೇಲೆ ಸಿಟ್ಟು ಆರಬೇಕಿತ್ತು, ಆರಿಲ್ಲ. ತಪ್ಪು ಒಪ್ಪಿಕೊಳ್ಳಲು ಕೂತವನು ಅದನ್ನೂ ಒಪ್ಪಿಕೊಳ್ಳಬೇಕು.

ನಮ್ಮ ಕಡೆ ಊರಿಗೆ ಹೊರಟವರನ್ನು "ಎಲ್ಲಿಗೆ" ಎಂದು ಕೇಳುವುದಿಲ್ಲ. ಕೇಳಿದರೆ ಹೊರಟ ಕೆಲಸ ಕೆಡುತ್ತದೆ. ತೀರ ತಿಳಿಯಬೇಕಾದರೆ "ದೂರ ಹೊಂಟೀರೇನ್ರಿ?" ಎನ್ನಬೇಕು, ಅವರು "ಹೂಂ, ದೂರ" ಎನ್ನಬೇಕು, ಅಷ್ಟೇ. ಯಾರಾದರೂ ಬಾಯಿ ತಪ್ಪಿ ಕೇಳಿಬಿಟ್ಟರೆ ಹೊರಟವರು ಮನೆಯೊಳಗೆ ತಿರುಗಿ ಬಂದು, ಚಪ್ಪಲಿ ಬಿಟ್ಟು, ಕೂತು, ಬೆಲ್ಲ ತಿಂದು ನೀರು ಕುಡಿದು ಹೊಸದಾಗಿ ಹೊರಡಬೇಕು. ಇದನ್ನು ಕೆಲವರು ನಂಬುತ್ತಿದ್ದರು, ಕೆಲವರು ನಕ್ಕು ಬಿಡುತ್ತಿದ್ದರು. ಮಾಮಾ ಮಾತ್ರ ಪ್ರಾಣದಷ್ಟು ನಂಬುತ್ತಿದ್ದ. ಹಿಂದೊಮ್ಮೆ ಮನಗೂಳಿಗೆ ಎತ್ತು ಕೊಳ್ಳಲು ಹೊರಟಾಗ ಯಾರೋ ಕೇಳಿದರಂತೆ. ಲಕ್ಷ್ಯ ಕೊಡದೆ ಹೋಗಿ ತಂದ ಎತ್ತು ಮಳೆಗಾಲ ಕಾಣಲಿಲ್ಲವಂತೆ. ಈ ಕತೆಯನ್ನು ನನಗೆ ಹೇಳಿದವನು ಅವನೇ.

ಹೊರಡುವ ದಿನ ಅತ್ತೆ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಬುತ್ತಿಯ ಗಂಟು ಕಟ್ಟುತ್ತ, ಬಿಚ್ಚುತ್ತ, ಮತ್ತೆ ಕಟ್ಟುತ್ತ ಇದ್ದಳು. ರೈಲು ಮಧ್ಯಾಹ್ನದ್ದು. ಇಂಡಿ ರೋಡ್ ಸ್ಟೇಷನ್ನು ಹೆಸರಿಗೆ ಇಂಡಿಯದು, ಇರುವುದು ಊರು ಬಿಟ್ಟು ದೂರ. ಟಾಂಗಾದ ಚಾಚಾ ಬಾಗಿಲಲ್ಲಿ ಕುದುರೆಯ ಕೊರಳ ಗೆಜ್ಜೆ ಆಡಿಸುತ್ತ, "ಲಗೂ ಬರ್ರಿ ಸಾವಕಾರ್ರ, ನನ್ನ ಕುದುರಿ ರೈಲಿನಕಿಂತಾ ಹಳೇದೈತ್ರಿ" ಎಂದು ಕೂಗಿದ.

ಮಾಮಾ ಕೋಟು ಹಾಕಿಕೊಂಡು ಹೊಸ್ತಿಲಲ್ಲಿ ಬಲಗಾಲು ಹೊರಗಿಟ್ಟ. ನಾನು ಟ್ರಂಕು ಹಿಡಿದು ಎದುರಿಗೇ ನಿಂತಿದ್ದೆ.

"ಮಾಮಾ, ಎಲ್ಲಿಗೆ ಹೊಂಟ್ರಿ?"

ಒಂದು ಕಾಲು ಹೊರಗೆ, ಒಂದು ಒಳಗೆ ಇಟ್ಟುಕೊಂಡು ಅವನು ಕಂಬದಂತೆ ನಿಂತ. "ಮಂಗ್ಯಾ! ನಾಲಿಗಿ ಕಿತ್ತ ಒಗೀತೇನಿ ನಿಂದು!"

ಅತ್ತೆ ನಡುವೆ ಬಂದಳು. "ಬಿಡ್ರಿ, ಹುಡುಗ ಅದು. ಬಾಯಿ ತಪ್ಪಿ ಬಂತು. ಕುಂತ ಏಳೂಣು, ಅಷ್ಟ ಅಲ್ಲೇನ್ರಿ."

ನನ್ನ ಬಾಯಿ ತಪ್ಪಿರಲಿಲ್ಲ. ಹಿಂದಿನ ದಿನವೆಲ್ಲ ಲಿಂಬೆ ಹರಿಯುತ್ತ ಆ ಮಾತನ್ನು ಬಾಯಲ್ಲಿ ಆಡಿಸಿಕೊಂಡಿದ್ದೆ. ಅವರು ಒಳಗೆ ಹೋಗಿ ಚಾಪೆಯ ಮೇಲೆ ಕೂತರು. ಅತ್ತೆ ಬೆಲ್ಲದ ಡಬ್ಬಿ ತೆಗೆದಳು. ಹೊರಗಿನಿಂದ ಚಾಚಾ, "ರೈಲಿನವ್ರು ಬೆಲ್ಲ ತಿಂದು ಕುಂಡ್ರೂದಿಲ್ರಿ, ಸಿಳ್ಳಿ ಹೊಡದ ಬಿಡ್ತಾರ!" ಎಂದ.

ಅಷ್ಟಕ್ಕೇ ಬಿಟ್ಟಿದ್ದರೆ ರೈಲು ಸಿಗುತ್ತಿತ್ತು. ನಾನು ಬಿಡಲಿಲ್ಲ. ಪಕ್ಕದ ಮನೆಯಲ್ಲಿ ಒಬ್ಬ ಮುದುಕಿಯಿದ್ದಳು, ಓಣಿಗೆಲ್ಲ ಅವಳು ಆಯಿ. ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಅವಳ ಕಿವಿಗೆ ಬಾಯಿ ಹಚ್ಚಿ ಕೂಗಿದೆ, "ಆಯೀ, ಮಾಮಾ ಊರಿಗೆ ಹೊಂಟಾನ. ಎಲ್ಲಿಗೆ ಅಂತ ಯಾರಿಗೂ ಹೇಳವಲ್ಲ. ನಿನಗ ಹೇಳ್ತಾನ ನೋಡು, ಕೇಳು."

ಮುದುಕಿಗೆ ಪದ್ಧತಿ ಗೊತ್ತಿರಲಿಲ್ಲವೆಂದಲ್ಲ. ಆದರೆ ಊರಿಗೆಲ್ಲ ಹೇಳದ ಸುದ್ದಿ ತನಗೊಬ್ಬಳಿಗೇ ಸಿಗುತ್ತದೆ ಎಂದರೆ ಆ ವಯಸ್ಸಿನಲ್ಲಿ ಪದ್ಧತಿ ಯಾರಿಗೆ ನೆನಪಿರುತ್ತದೆ? ಮಾಮಾ ಮತ್ತು ಅತ್ತೆ ಎರಡನೆಯ ಸಲ ಹೊರಗೆ ಬಂದು ಟಾಂಗಾ ಹತ್ತಿ ಕೂತರು. ಚಾಚಾ ಲಗಾಮು ಎತ್ತಿದ. ಆಗ ಆಯಿ ಬಂದು ಟಾಂಗಾದ ಕಂಬಿ ಹಿಡಿದುಕೊಂಡಳು.

"ಎಲ್ಲಿಗ್ಯೋ ತಮ್ಮಾ?"

"ದೂರ!" ಮಾಮಾ ಚೀರಿದ.

"ಆಂ?"

"ದೂರ ಆಯಿ, ದೂರ!"

"ಅದ ಯಾವೂರಪಾ? ಹೆಂಡ್ತಿನ್ನ ಸಿಂಗಾರ ಮಾಡ್ಕೊಂಡು ಎಲ್ಲಿಗೆ ಹೊಂಟಿ? ನನಗರ ಹೇಳು, ಎಲ್ಲಿಗೆ?"

ಕಿವಿ ಕೇಳದವಳಿಗೆ ಎಷ್ಟು ಹೇಳಿದರೂ ಅಷ್ಟೇ. ಅವಳು ಮತ್ತೆ ಮತ್ತೆ ಕೇಳಿದಳು. ಚಾಚಾ ಮುಖ ಆಚೆ ತಿರುಗಿಸಿದ. ಅವನ ಬೆನ್ನು ನಗೆಯಿಂದ ಕುಣಿಯುತ್ತಿತ್ತು. ನಾನು ಬಾಗಿಲ ಹಿಂದೆ ನಿಂತು ಮಾಮಾನ ಮುಖ ನೋಡಿದೆ. ನಕ್ಕ ವ್ಯಾಪಾರಿಯೂ ಅಲ್ಲಿದ್ದು ನೋಡಬೇಕಿತ್ತು ಅನಿಸಿತು. ಮುಳ್ಳು ಗೀರಿದ ಎಲ್ಲ ಬೇಸಿಗೆಗಳ ಉರಿ ಆ ಗಳಿಗೆಯಲ್ಲಿ ತಣ್ಣಗಾಯಿತು.

ಮಾಮಾ ಟಾಂಗಾದಿಂದ ಇಳಿದ. "ಇದು ಹೋಗಬ್ಯಾಡಂತ ದೇವರ ಮಾತು. ಇಳಿ."

"ನಾ ಇಳಿಯಂಗಿಲ್ಲ" ಎಂದಳು ಅತ್ತೆ. "ಆದದ್ದಾಗ್ಲಿ ನಡ್ರಿ. ಬೆಲ್ಲಾ ರೈಲಿನ್ಯಾಗ ತಿನ್ನೂಣು."

"ಹುಚ್ಚಿ, ಸಾಯಾಕ ಹೋಗೂದೇನು? ಇಳಿ ಅಂದ್ನಲ್ಲ."

ಅವಳು ಇಳಿಯಲಿಲ್ಲ. ಮಾಮಾ ಒಳಗೆ ಹೋಗಿ ಕೋಟು ಬಿಚ್ಚಿ ಮಲಗಿಕೊಂಡ. ಚಾಚಾ ಸ್ವಲ್ಪ ಹೊತ್ತು ಕಾದು, ಕುದುರೆಯನ್ನು ಬಿಚ್ಚಿ ಬೇವಿನ ನೆರಳಿಗೆ ಕಟ್ಟಿದ. ಕುದುರೆ ಇಲ್ಲದ, ಮುಂದಿನ ಮೂಕಿಮರ ನೆಲಕ್ಕೂರಿ ವಾಲಿದ ಟಾಂಗಾದಲ್ಲಿ ಅತ್ತೆ ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು, ಜಾರದಂತೆ ಕಂಬಿ ಹಿಡಿದುಕೊಂಡು ಕೂತಿದ್ದಳು. ರೈಲು ಹೋಗುವ ಹೊತ್ತು ಬಂತು, ಹೋಯಿತು. ಗೋಡೆಯ ಮೇಲಿನ ಬಿಸಿಲು ಸರಿದ ಮೇಲೆ ತಾನೇ ಇಳಿದು ಬಂದು, ಹೊಸ ಸೀರೆಯಲ್ಲೇ ಒಲೆ ಹಚ್ಚಿದಳು. ಬುತ್ತಿಯ ರೊಟ್ಟಿಯನ್ನು ಬಿಚ್ಚಿ ನನಗೆ ಬಡಿಸಿದಳು. ನಾನು ಹೊಟ್ಟೆ ತುಂಬ ಉಂಡೆ.

ಮಾಮಾ ಮತ್ತೆಂದೂ ಮುಂಬೈಯ ಹೆಸರೆತ್ತಲಿಲ್ಲ. ಎರಡು ಸಲ ತಡೆದ ದಾರಿ ಮೂರನೆಯ ಸಲ ಜೀವ ಕೇಳುತ್ತದೆ ಎಂದ. ಪ್ರಯಾಣ ತಪ್ಪಿ ಉಳಿದ ಹಣದಲ್ಲಿ ಬಾವಿಗೆ ಎಂಜಿನ್ನು ಕೂಡಿಸಿದ. ಅವನಿಗೆ ನಷ್ಟವೇ ಆಗಲಿಲ್ಲ ಎಂಬುದು ನನಗೆ ಹೊಳೆದದ್ದು ಆ ಎಂಜಿನ್ನಿನ ಸದ್ದು ಕೇಳಿದಾಗ.

ನನಗೆ ಮುದ್ದೇಬಿಹಾಳದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಕೆಲವು ವರ್ಷ ಇಂಡಿಯ ಕಡೆ ಹೋಗಲಿಲ್ಲ. ಬಾಗೇವಾಡಿಯ ಹುಡುಗಿಯೊಂದಿಗೆ ಮದುವೆ ಗೊತ್ತಾದಾಗ ಅತ್ತೆಗೆ ಸೀರೆ ತೆಗೆದುಕೊಂಡು ಹೇಳಲು ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಸೀರೆ ನೋಡಿ ಹಿಗ್ಗಿದಳು. ಆ ಹಿಗ್ಗನ್ನು ನೋಡಿ ನನ್ನಿಂದ ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಹೇಳಿದರೆ ನಕ್ಕು ಬೆನ್ನಿಗೊಂದು ಗುದ್ದಿ ಬಿಡುತ್ತಾಳೆ ಎಂದುಕೊಂಡಿದ್ದೆ.

ಬಡಿಯುವ ಕೈ ನಿಂತಿತು. "ಆಯಿನ್ನ ಕಳಿಸಿದಾವ ನೀನ?"

"ಹೌದತ್ತಿ."

"ನಾ ಅವತ್ತಿಂದ ಆಕಿ ಕೂಡ ಮಾತ ಬಿಟ್ಟಿದ್ನಿ. ಬಾಗಲಿಗೆ ಬಂದ್ರ ಎದ್ದ ಒಳಗ ಹೋಗ್ತಿದ್ನಿ. ಯಾಕ ಮಾತಾಡವಲ್ಲಿ ಅಂತ ಕೇಳಿ ಕೇಳಿ ಸತ್ತಳು ಮುದುಕಿ. ಹೆಣಾ ನೋಡಾಕ ಸೈತ ನಾ ಹೋಗ್ಲಿಲ್ಲ."

ಆಯಿ ಸತ್ತದ್ದು ನನಗೆ ತಿಳಿದಿರಲಿಲ್ಲ. "ನನಗ ಮಾಮಾನ ಮ್ಯಾಲ ಸಿಟ್ಟಿತ್ತು ಅತ್ತಿ" ಎಂದೆ.

"ನಿಮ್ಮ ಮಾಮಾ ಒಳಗ ಹೋಗಿ ಮಲ್ಕೊಂಡ. ಟಾಂಗಾದಾಗ ಕುಂತಾಕಿ ಯಾರು?"

ಹಂಚಿನ ಮೇಲಿನ ರೊಟ್ಟಿ ಸುಟ್ಟು ಹೊಗೆಯೇಳುತ್ತಿತ್ತು. ಅದನ್ನು ತೆಗೆದು ನಾಯಿಗೆ ಒಗೆದು, ಇನ್ನೊಂದು ಬಡಿದು, ಬೆಣ್ಣೆ ಹಚ್ಚಿ ನನ್ನ ತಾಟಿಗೆ ಹಾಕಿದಳು. ಸೀರೆಯನ್ನು ತೆಗೆದಿಟ್ಟಳು. ಮದುವೆಗೂ ಬಂದಳು, ಅಕ್ಷತೆ ಹಾಕಿದಳು. ಕ್ಷಮಿಸಿದಳು ಎಂದುಕೊಂಡೆ.

ಆಮೇಲೊಂದು ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ಬಾಡಿಗೆ ಮೋಟಾರಿನಲ್ಲಿ ಗೋಕರ್ಣಕ್ಕೆ ಹೊರಟರು. ಮಾಮಾ ತಾನು ಬರುವುದಿಲ್ಲ ಎಂದ, ಅವಳನ್ನು ತಡೆಯಲಿಲ್ಲ. ಅತ್ತೆ ಹೋಗಿ ಸಮುದ್ರ ನೋಡಿ ಬಂದಳು. ಸುದ್ದಿ ಕೇಳಿ ನನಗಾದ ಸಂತೋಷ ಸಣ್ಣದಲ್ಲ. ನನ್ನ ತಲೆಯ ಮೇಲಿನ ಕಲ್ಲು ಇಳಿಯಿತೆಂದು ರಜೆ ಹಾಕಿ ಇಂಡಿಗೆ ಓಡಿದೆ. ನಾನಿನ್ನೂ ಸಮುದ್ರ ನೋಡಿರಲಿಲ್ಲ. ನೋಡುವ ಮೊದಲು ಅವಳ ಬಾಯಿಂದ ಕೇಳಬೇಕು ಎಂಬುದೇ ನನ್ನ ಆಸೆಯಾಗಿತ್ತು.

ಓಣಿಯ ತಿರುವಿಗೆ ಬಂದಾಗಲೇ ಅವಳ ದನಿ ಕೇಳಿಸಿತು. ಕಟ್ಟೆ ತುಂಬಿತ್ತು. ಅತ್ತೆ ನಡುವೆ ನಿಂತು ಸೀರೆಯ ನೆರಿಗೆ ಎತ್ತಿಕೊಂಡು ಹಿಂದೆ ಹಿಂದೆ ಹೆಜ್ಜೆಯಿಡುತ್ತಿದ್ದಳು. ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ನನ್ನನ್ನು ಕಂಡಳು. ನೆರಿಗೆ ಬಿಟ್ಟಳು. "ಬಂದಿ ಏನ್ಪಾ? ಕಾಲ ತೊಳಕೊ" ಎಂದು ಒಳಗೆ ನಡೆದಳು.

ಊಟವಾದ ಮೇಲೆ ಕೇಳಿದೆ, "ಅತ್ತಿ, ಸಮುದ್ರ ಹೆಂಗಿತ್ತು?"

"ಇತ್ತು."

"ಅಲ್ಲ, ಆಚಿ ದಂಡಿ..."

"ಇನ್ನೊಂದೀಟು ಮಜ್ಜಿಗಿ ಹಾಕ್ಲಿ?"

ಮರುದಿನವೂ ಅಷ್ಟೇ. ಆಮೇಲೆ ಹೋದಾಗಲೆಲ್ಲ ಅಷ್ಟೇ. ಹಾಲು ಹಾಕುವವನಿಗೆ ಹೇಳಿದಳು, ಬಳೆಗಾರನಿಗೆ ಹೇಳಿದಳು, ಟಾಂಗಾದ ಚಾಚಾನಿಗೆ ಅವನ ಟಾಂಗಾದಲ್ಲೇ ಕೂತು ಹೇಳಿದಳಂತೆ. ನನ್ನ ಹೆಂಡತಿಗೂ ಹೇಳಿ, "ಇದನ್ನ ಅವಗ ಹೇಳಬ್ಯಾಡ" ಎಂದು ಆಣೆ ಹಾಕಿಸಿಕೊಂಡಳು. ನನಗೆ ಬೆಣ್ಣೆ, ತುಪ್ಪ, ಹೋಳಿಗೆ ಯಾವುದಕ್ಕೂ ಕೊರತೆ ಮಾಡಲಿಲ್ಲ. ಅದೊಂದನ್ನು ಮಾತ್ರ ಕೊಡಲಿಲ್ಲ.

ಒಂದು ಸಂಜೆ ಸೋಲು ಒಪ್ಪಿ ಕಳ್ಳನಂತೆ ಹಿತ್ತಲ ಗೋಡೆಯ ಆಚೆಗೆ ಹೋಗಿ ನಿಂತೆ. ಒಳಗೆ ಅತ್ತೆ ಹೆಂಗಸರ ನಡುವೆ ಮಾತಾಡುತ್ತಿದ್ದಳು. ದನಿ ಏರುತ್ತಿತ್ತು, ಇಳಿಯುತ್ತಿತ್ತು. "ನೀರು" ಎಂದದ್ದು ಕೇಳಿಸಿತು, "ಅವ್ವಾ ನನ್ನವ್ವಾ" ಎಂದದ್ದು ಕೇಳಿಸಿತು. ಗೋಡೆಗೆ ಕಿವಿ ಹಚ್ಚಿದೆ. ಅಷ್ಟರಲ್ಲಿ ಹಿತ್ತಲ ಬಾಗಿಲು ತೆರೆಯಿತು. ಅತ್ತೆ ಮುಸುರೆಯ ನೀರು ಚೆಲ್ಲಲು ಬಂದವಳು ನನ್ನನ್ನು ನೋಡಿ ನಿಂತಳು. ಸಿಟ್ಟಾಗಲಿಲ್ಲ.

"ಚಹಾ ಆರಾಕತ್ತೈತಿ, ಒಳಗ ಬಾ" ಎಂದಳು.

ನಾನು ಹೋಗಿ ಚಹಾದ ಬಸಿ ಹಿಡಿದು ಕೂತೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಸೆರಗು ಸರಿಮಾಡಿಕೊಂಡು, ಈ ವರ್ಷ ಮೆಣಸಿನಕಾಯಿ ಏನೂ ಖಾರ ಇಲ್ಲ ಎಂದು ಮಾತು ತೆಗೆದಳು.